ಆಲೂಗಡ್ಡೆಯ ಅಂಗಮಾರಿ ಮತ್ತು ಬೆಳ್ಳುಳ್ಳಿ ರಸ

ಮಕ್ಕಳೇ, ಮೋಡ ಮುಚ್ಚಿ ಜಡಿಮಳೆ ಹಿಡಿದರೆ ಆಲೂಗಡ್ಡೆ ಇಟ್ಟವರಿಗೆ ಅಂಗಮಾರಿಯ ಭಯ. ಈ ರೋಗಕ್ಕೆ ದೊಡ್ಡ ಚರಿತ್ರೆಯೇ ಇದೆ. 1845ರಲ್ಲಿ ಇದು ಐರ್ಲೆಂಡಿಗೆ ಬಂತು. ಅಲ್ಲಿನ ಬಡವರಿಗೆ ಆಲೂಗಡ್ಡೆಯೇ ಊಟ. ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು.

ರೋಗಕ್ಕೆ ಕಾರಣ ಒಂದು ಸೂಕ್ಷ್ಮಜೀವಿ ಎಂದು ಜರ್ಮನಿಯ ಡಿ ಬಾರಿ 1861ರಲ್ಲಿ ತೋರಿಸಿದರು. ನಮ್ಮ ನೀಲಗಿರಿಗೆ ಅದು ಬಂದದ್ದು 1870-80ರ ನಡುವೆ.

ಮದ್ದು ಸಿಕ್ಕಿದ್ದು ದ್ರಾಕ್ಷಿ ತೋಟದಲ್ಲಿ! ಫ್ರಾನ್ಸಿನ ರೈತರು ಕಳ್ಳರನ್ನು ತಡೆಯಲು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗಲಲಿಲ್ಲ. ಇದನ್ನು ಗಮನಿಸಿದ ಮಿಲಾರ್ಡೆ 1885ರಲ್ಲಿ ಬೋರ್ಡೋ ದ್ರಾವಣವನ್ನು ಪ್ರಕಟಿಸಿದರು. ಅದು ಆಲೂಗಡ್ಡೆಗೂ ಆಯಿತು.

ಈಗ ಬೇವು, ಬೆಳ್ಳುಳ್ಳಿ ರಸದ ಮಾತು. ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲ್ಲಿಸಿನ್ ಈ ರೋಗಾಣುವನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಹೊಲದಲ್ಲಿ ಮಳೆ ಅದನ್ನು ತೊಳೆದುಬಿಡುತ್ತದೆ. ರೋಗಕ್ಕೆ ಮೊದಲೇ ಸಿಂಪಡಿಸಿದರೆ ಸ್ವಲ್ಪ ಸಹಾಯ. ಎಲೆ ಕಪ್ಪಾದ ಮೇಲೆ ಅದನ್ನೇ ನಂಬಿ ಕೂತರೆ ಕೆಲವೇ ದಿನಗಳಲ್ಲಿ ಹೊಲ ಹೋಗುತ್ತದೆ. ರೋಗವಿಲ್ಲದ ಬಿತ್ತನೆ ಗಡ್ಡೆ, ರೋಗ ತಡೆಯುವ ಜಾತಿ ಮೊದಲು, ರಸ ಆಮೇಲೆ. ಮನೆಯಲ್ಲಿ ಹಿರಿಯರಿಗೂ ಇದನ್ನು ಓದಿ ಹೇಳಿ.