ಹುಳಿ, ಕಿಣ್ವ ಮತ್ತು ಮಲೆನಾಡಿನ ಒಂದು ಮರ

ಕೂಡಿ ಬಾಳುವವರ ನಡುವೆ ಮನಸ್ತಾಪ ತಂದಿಟ್ಟವನನ್ನು ‘ಹುಳಿ ಹಿಂಡಿದ’ ಎಂದು ಹೇಳುವುದು ಕನ್ನಡದ ವಾಡಿಕೆ. ಹಾಲಿನ ಪಾತ್ರೆಯಿಂದ ಹುಟ್ಟಿದ ಈ ನುಡಿಗಟ್ಟು ಕ್ಯಾನ್ಸರ್ ರೋಗಕ್ಕೆ ಅಕ್ಷರಶಃ ಸಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಅಧ್ಯಾಪನದಿಂದ ನಿವೃತ್ತನಾಗಿ ಹೊರನಾಡಿನಲ್ಲಿ ನೆಲೆಸಿ, ವಿಜ್ಞಾನದ ಪುಸ್ತಕಗಳನ್ನು ಬಿಡುವಾಗಿ ಓದತೊಡಗಿದ ಮೇಲೆ. ಗಡ್ಡೆಯು ತನ್ನ ಸುತ್ತಲಿನ ಅಂಗಾಂಶಕ್ಕೆ ನಿಜವಾಗಿಯೇ ಹುಳಿ ಹಿಂಡುತ್ತದೆ. ಆ ಹುಳಿಯನ್ನು ಮನುಷ್ಯನು ಅರಿತುಕೊಂಡ ಚರಿತ್ರೆಯಲ್ಲಿ ನಮ್ಮ ಸಹ್ಯಾದ್ರಿಯ ಮರವೊಂದಕ್ಕೂ ಪಾಲಿದೆ.

ಈ ಚರಿತ್ರೆ ಮೊದಲಾಗುವುದು ಬರ್ಲಿನ್ ನಗರದಲ್ಲಿ. 1920ರ ದಶಕದಲ್ಲಿ ಆಟೊ ವಾರ್ಬರ್ಗ್ ಎಂಬ ವಿಜ್ಞಾನಿ ಗಡ್ಡೆಯ ತೆಳುವಾದ ಹೋಳುಗಳನ್ನು ಪರೀಕ್ಷಿಸಿದರು. ಆಮ್ಲಜನಕ ಬೇಕಾದಷ್ಟಿದ್ದರೂ ಅವು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತಿದ್ದವು. ಮೊಸರಿಗೆ ಹುಳಿ ಬರುವುದೂ ಇದೇ ಆಮ್ಲದಿಂದ. ಜೀವಕೋಶದ ಉಸಿರಾಟ ಕೆಡುವುದೇ ರೋಗದ ಮೂಲವೆಂಬ ಅವರ ಸಿದ್ಧಾಂತ ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅವರು ಕಂಡ ಸಂಗತಿ ನಿಂತಿತು. ನಮ್ಮ ರಕ್ತದ ಪಿಎಚ್ ಅಂಕ 7.4ರ ಆಸುಪಾಸಿನಲ್ಲಿರುತ್ತದೆ. ಗಡ್ಡೆಯ ಕೋಶಗಳ ಹೊರಗೆ ಅದು ಅನೇಕ ವೇಳೆ 7ಕ್ಕಿಂತ ಕೆಳಗಿಳಿಯುತ್ತದೆ. ಅಂಕ ಇಳಿದಷ್ಟೂ ಹುಳಿ ಹೆಚ್ಚು.

ಹಾಗಾದರೆ ಆ ಹುಳಿಯಲ್ಲಿ ಗಡ್ಡೆ ತಾನೇ ಏಕೆ ನಾಶವಾಗುವುದಿಲ್ಲ? ಕಾಫಿಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಣ್ಣನ್ನು ಪಲ್ಪರ್‌ಗೆ ಹಾಕಿದ ನೀರನ್ನು ಹಾಗೆಯೇ ಹೊರಗೆ ಹರಿಯಬಿಟ್ಟರೆ ತೋಟದವನ ಕಣ ಚೊಕ್ಕಟವಾಗಿಯೇ ಇರುತ್ತದೆ. ಹುಳಿತ ನೀರಿನಿಂದ ಸಾಯುವುದು ಕೆಳಗಿನ ಹಳ್ಳದ ಮೀನು. ಗಡ್ಡೆಯ ಕೋಶವೂ ತನ್ನ ಒಳಗನ್ನು ಕಾಪಾಡಿಕೊಂಡು ಆಮ್ಲವನ್ನು ಹೊರಚೆಲ್ಲುತ್ತದೆ. ನೆರೆಯ ಕೋಶಗಳು ನಲುಗುತ್ತವೆ, ಕಾವಲಿನ ಬಿಳಿ ರಕ್ತಕಣಗಳು ಬಲಗುಂದುತ್ತವೆ, ಗಡ್ಡೆ ಹಬ್ಬುವುದಕ್ಕೆ ದಾರಿಯಾಗುತ್ತದೆ.

ಈ ಕೆಲಸದಲ್ಲಿ ಗಡ್ಡೆಗೆ ನೆರವಾಗುವ ಕಿಣ್ವಗಳಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಒಂದು. ಕೇಂಬ್ರಿಜ್ಜಿನ ಮೆಲ್ಡ್ರಮ್ ಮತ್ತು ರೌಟನ್ ಈ ಕಿಣ್ವವನ್ನು ರಕ್ತದಲ್ಲಿ ಗುರುತಿಸಿದ್ದು 1933ರಲ್ಲಿ. 1992ರಲ್ಲಿ ಬ್ರಾಟಿಸ್ಲಾವಾದ ಸಿಲ್ವಿಯಾ ಪಾಸ್ತೊರೆಕೊವಾ ಮತ್ತು ಸಂಗಡಿಗರು ಗಡ್ಡೆಯ ಕೋಶಗಳಲ್ಲಿ ಒಂದು ಪ್ರೋಟೀನನ್ನು ಕಂಡರು. ಅದು ಇದೇ ಮನೆತನದ ಒಂಬತ್ತನೆಯ ಕಿಣ್ವವೆಂದು ಮುಂದೆ ತಿಳಿಯಿತು. ಕೋಶದ ಹೊರಮೈಯಲ್ಲಿ ಕುಳಿತು, ಆಮ್ಲವನ್ನು ಹೊರಗೇ ಉಳಿಸಿ, ಒಳಗಿನ ಹುಳಿಯನ್ನು ಕಳೆಯುವ ಬೈಕಾರ್ಬನೇಟನ್ನು ಒದಗಿಸಿಕೊಡುವುದು ಅದರ ಕಾಯಕ. ಸಲ್ಫೊನಮೈಡ್ ಬಳಗದ ಮದ್ದುಗಳು ಈ ಕಿಣ್ವದ ನಡುವಿನ ಸತುವಿಗೆ ಅಂಟಿಕೊಂಡು ಅದನ್ನು ಸ್ತಬ್ಧಗೊಳಿಸಬಲ್ಲವು. ಆದರೆ ಇದೇ ಮನೆತನದ ಇತರ ಕಿಣ್ವಗಳು ರಕ್ತದಲ್ಲಿ, ಮೂತ್ರಪಿಂಡದಲ್ಲಿ, ಕಣ್ಣಿನಲ್ಲಿ ನಮ್ಮ ಹಿತಕ್ಕಾಗಿಯೇ ದುಡಿಯುತ್ತಿವೆ. ಅವನ್ನು ಆದಷ್ಟು ಬಿಟ್ಟು, ತಪ್ಪಿತಸ್ಥನನ್ನು ಹಿಡಿಯಲೆಂದು ರೂಪಿಸಿದ ಎಸ್‌ಎಲ್‌ಸಿ-0111 ಎಂಬ ಮದ್ದಿನ ಮೊದಲ ಹಂತದ ಪ್ರಯೋಗದ ವರದಿ 2020ರಲ್ಲಿ ಬಂದಿತು. ಅದರಲ್ಲಿ ಇದ್ದವರು 17 ರೋಗಿಗಳು. ಮದ್ದನ್ನು ದೇಹ ತಾಳಿಕೊಂಡೀತೇ ಎಂಬುದೇ ಅಲ್ಲಿನ ಪ್ರಶ್ನೆ; ರೋಗ ವಾಸಿಯಾಯಿತೆಂಬ ಸಾರೋಣವಲ್ಲ.

ಇನ್ನು ನಮ್ಮ ಮರದ ಮಾತು. ಅದು ತಡೆಯುವ ಕಿಣ್ವ ಬೇರೆ. ಆದರೆ ಅದರ ಹಣೆಬರಹವನ್ನು ಬರೆದದ್ದೂ ಹುಳಿಯೇ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನಸುಖ್ ವಾನಿ, ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1972ರಲ್ಲಿ ಮುಂಬಯಿಯ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತುವನ್ನು ಪಶ್ಚಿಮಘಟ್ಟದ ಮರವೊಂದರಲ್ಲಿ ಕಂಡರು. ಸಸ್ಯಶಾಸ್ತ್ರಜ್ಞರು ಅಂದು ಮಾಪಿಯಾ ಫೀಟಿಡಾ ಎಂದು, ಇಂದು ನೊಥಪೊಡೈಟಿಸ್ ನಿಮ್ಮೋನಿಯಾನ ಎಂದು ಕರೆಯುವ ಈ ಮರಕ್ಕೆ ಕನ್ನಡದಲ್ಲಿ ‘ದುರ್ವಾಸನೆ ಮರ’ ಎಂದು ಹೆಸರು. ಫೀಟಿಡಾ ಎಂಬ ಲ್ಯಾಟಿನ್ ಮಾತಿನ ಅರ್ಥವೂ ಅದೇ.

ಈ ವಸ್ತು ನೀರಿನಲ್ಲಿ ಸುಲಭವಾಗಿ ಕರಗದು. ಆದ್ದರಿಂದ 1970ರ ಸುಮಾರಿಗೆ ಅಮೆರಿಕದಲ್ಲಿ ಅದನ್ನು ಸೋಡಿಯಂ ಲವಣವಾಗಿಸಿ ರೋಗಿಗಳಿಗೆ ಕೊಟ್ಟರು. ಆ ರೂಪದಲ್ಲಿ ಅದರ ಅಣುವಿನ ಒಂದು ಉಂಗುರ ತೆರೆದುಕೊಂಡು, ಮದ್ದಿನ ಬಲ ಬಹುಮಟ್ಟಿಗೆ ಹೋಗಿರುತ್ತದೆ. ಹುಳಿಯ ನೆಲೆಯಲ್ಲಿ ಉಂಗುರ ಮತ್ತೆ ಕೂಡುತ್ತದೆ. ಮೂತ್ರವಾದರೋ ಸಾಮಾನ್ಯವಾಗಿ ಆಮ್ಲೀಯವಾದುದು. ಮದ್ದು ಮೂತ್ರಕೋಶದಲ್ಲಿ ಉಗ್ರರೂಪ ತಾಳಿ ರಕ್ತಸ್ರಾವ ತಂದಿತು, ಪ್ರಯೋಗಗಳು ನಿಂತವು. 1985ರಲ್ಲಿ ಅದರ ಗುರಿ ತಿಳಿಯಿತು: ಡಿಎನ್‌ಎ ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮರಳಿ ಬೆಸೆಯುವ ಟೊಪೊಐಸೊಮರೇಸ್ ಕಿಣ್ವ. ಬೆಸೆಯುವ ಮುನ್ನವೇ ಮದ್ದು ಅದನ್ನು ಕಟ್ಟಿಹಾಕುತ್ತದೆ. ಉಂಗುರದ ಗುಟ್ಟನ್ನು ಅರಿತು ತಿದ್ದಿದ ಟೊಪೊಟಿಕಾನ್, ಇರಿನೊಟಿಕಾನ್ ಮದ್ದುಗಳಿಗೆ 1996ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿತು. ಡಾಕ್ಸೊರುಬಿಸಿನ್‌ನಂಥ ಮದ್ದನ್ನು ಹೊರಗೇ ತಡೆಯುವ ಗಡ್ಡೆಯ ಹುಳಿ ಕ್ಯಾಂಪ್ಟೊಥೆಸಿನ್ನಿಗೆ ಒತ್ತಾಸೆಯಾಗುವುದು ಪ್ರಯೋಗಾಲಯದಲ್ಲಿ ಕಂಡಿದೆ. ಹುಳಿಯನ್ನು ಎಲ್ಲೆಡೆ ಅಳಿಸುವುದೇ ವೈದ್ಯವಲ್ಲ; ಎಲ್ಲಿದೆ, ಯಾವ ಮದ್ದಿನ ಜೊತೆಗಿದೆ ಎಂಬ ವಿವೇಕ ಬೇಕು.

ಇಲ್ಲೊಂದು ಮಾತು ಅಗತ್ಯ. ಹುಣಿಸೆ ಬಿಟ್ಟರೆ, ಅಡುಗೆ ಸೋಡಾ ಕುಡಿದರೆ ಗಡ್ಡೆ ಕರಗುವುದೆಂದು ಹೇಳುವವರಿದ್ದಾರೆ. ಊಟದ ಹುಳಿ ಗಡ್ಡೆಯ ಹುಳಿಯಲ್ಲ. ಶ್ವಾಸಕೋಶ ಮತ್ತು ಮೂತ್ರಪಿಂಡಗಳು ರಕ್ತದ ಪಿಎಚ್ ಅಂಕವನ್ನು ಕಾಯುತ್ತಲೇ ಇರುತ್ತವೆ. ಗಡ್ಡೆ ತನ್ನ ಹುಳಿಯನ್ನು ತಾನೇ ತಯಾರಿಸುತ್ತದೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಡಿಸುವ ಸಾರಿಗೆ ರೋಗಿ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಚಿಕಿತ್ಸೆಯನ್ನು ಮುಂದೂಡುವ ಇಂಥ ಮಾತುಗಳಿಗೆ.

ಕ್ಯಾಂಪ್ಟೊಥೆಸಿನ್ ಹೆಚ್ಚಾಗಿ ಇರುವುದು ಕಾಂಡದಲ್ಲಿ, ಬೇರಿನಲ್ಲಿ. ಮದ್ದಿಗೆ ಬೆಲೆ ಬಂದಾಗ ಮರವನ್ನೇ ಉರುಳಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದ ಉದ್ದಕ್ಕೂ ಈ ಮರಗಳನ್ನು ಪರೀಕ್ಷಿಸಿ, ಮದ್ದಿನ ಅಂಶ ಹೆಚ್ಚಿರುವ ನೆಲೆಗಳನ್ನು ಗುರುತಿಸಿದರು. ಅಂಥವನ್ನು ನೆಟ್ಟು ಬೆಳೆಸಿದರೆ ಕಾಡಿನ ಮರ ಉಳಿದೀತು. ವಾಸನೆಗೆ ಮೂಗು ಮುಚ್ಚಿ ನಾವು ದಾಟಿಹೋಗುವ ಮರದ ಹೆಸರನ್ನು ಮಕ್ಕಳಿಗೆ ಹೇಳಿಕೊಡುವ ಕೆಲಸ ಮಾತ್ರ ಯಾವ ವಿಶ್ವವಿದ್ಯಾನಿಲಯದ್ದೂ ಅಲ್ಲ, ಅದು ನಮ್ಮದು.