ನಾಲ್ಕು ಮೀಟರಿನ ಗೆರೆ: ಹಳಿಯಾಳ–ಜೋಯಿಡಾ ಸೀಮೆಯಿಂದ ಬೊಲೆರೊ ವಿಕಾಸದ ಒಂದು ಓದು

ಸಾರಾಂಶ

ಭಾರತದಲ್ಲಿ ‘ಕಾಂಪ್ಯಾಕ್ಟ್ ಎಸ್‌ಯುವಿ’ ಎಂಬ ವಾಹನವರ್ಗವನ್ನು ರೂಪಿಸಿದ್ದು ರಸ್ತೆಗಿಂತ ಹೆಚ್ಚಾಗಿ ತೆರಿಗೆ ನಿಯಮ ಎಂಬುದು ಈ ಲೇಖನದ ವಾದ. ಮಹೀಂದ್ರ ಬೊಲೆರೊ 2000ದಿಂದೀಚೆಗೆ ಕಂಡ ಮಾರ್ಪಾಡುಗಳನ್ನು ಇದಕ್ಕೆ ನಿದರ್ಶನವಾಗಿ ಎತ್ತಿಕೊಂಡಿದೆ. ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಭೂಗುಣವನ್ನು ಒರೆಗಲ್ಲಾಗಿ ಇಟ್ಟುಕೊಂಡು, ಚಾಸಿ, ವೀಲ್‌ಬೇಸ್, ಆಸನವ್ಯವಸ್ಥೆ ಮತ್ತು ತೆರಿಗೆ ದರ ಎಂಬ ನಾಲ್ಕು ಅಂಶಗಳ ಮೇಲೆ ಹೋಲಿಕೆ ನಡೆಸಲಾಗಿದೆ.

ಪ್ರಮುಖ ಪದಗಳು: ಬೊಲೆರೊ, ಜೀಪು, ನಾಲ್ಕು ಮೀಟರ್ ನಿಯಮ, ಅಬಕಾರಿ ಸುಂಕ, ಜಿಎಸ್‌ಟಿ, ಉತ್ತರ ಕನ್ನಡ

1. ಪೀಠಿಕೆ

ದಾಂಡೇಲಿಗೆ ಬರುವ ಪ್ರವಾಸಿಗರು ಕಾಡು ನೋಡಲು ಹೊರಟಾಗ ತಮ್ಮ ಕಾರನ್ನು ಹೊರಗೆ ನಿಲ್ಲಿಸಿ ತೆರೆದ ಸಫಾರಿ ಜೀಪು ಹತ್ತುತ್ತಾರೆ. ಹಾಗೆ ನಿಂತ ಕಾರುಗಳಲ್ಲಿ ಎಸ್‌ಯುವಿಗಳೂ ಇರುತ್ತವೆ. ಕಾಡುದಾರಿಯ ಹೆಸರು ಹೊತ್ತ ಗಾಡಿ ಕಾಡಿನ ಅಂಚಿನಲ್ಲಿ ಉಳಿದು, ಹಳೆಯ ನಮೂನೆಯ ಗಾಡಿ ಒಳಗೆ ಹೋಗುತ್ತದೆ. ಅರಣ್ಯ ಇಲಾಖೆಯ ನಿಯಮ ಇದಕ್ಕೆ ತಕ್ಷಣದ ಕಾರಣವಾದರೂ, ಎಸ್‌ಯುವಿ ಎಂಬ ಒಂದೇ ಹೆಸರಿನಡಿ ಎರಡು ಬೇರೆ ವಂಶಗಳು ಸೇರಿಕೊಂಡಿರುವುದನ್ನೂ ಈ ದೃಶ್ಯ ತೋರಿಸುತ್ತದೆ. ಒಂದು, ಜೀಪನ್ನು ಪಳಗಿಸಿ ಮಾಡಿದ್ದು. ಇನ್ನೊಂದು, ಕಾರನ್ನು ಎತ್ತರಿಸಿ ಮಾಡಿದ್ದು. ಬೊಲೆರೊ ಮೊದಲ ವಂಶಕ್ಕೆ ಸೇರಿದ್ದು.

2. ಸೀಮೆಯ ಸ್ವರೂಪ

ನಾಲ್ಕು ತಾಲ್ಲೂಕುಗಳೂ ಒಂದೇ ಜಿಲ್ಲೆಯಲ್ಲಿದ್ದರೂ ವಾಹನದಿಂದ ಬಯಸುವುದು ಒಂದೇ ಅಲ್ಲ. ಹಳಿಯಾಳ ಮತ್ತು ಮುಂಡಗೋಡಗಳು ಮಲೆನಾಡು ಬಯಲಿಗೆ ಇಳಿಯುವ ಸೆರಗು. ಭತ್ತ, ಗೋವಿನಜೋಳ, ಕಬ್ಬಿನ ಹೊಲಗಳ ನಡುವಿನ ರಸ್ತೆಗಳು ಧಾರವಾಡ–ಹುಬ್ಬಳ್ಳಿಯ ಕಡೆಗೆ ಸಾಗುತ್ತವೆ. 1966ರಲ್ಲಿ ನೆಲೆಗೊಂಡ ಟಿಬೆಟನ್ ವಸತಿಯಿಂದಾಗಿ ಮುಂಡಗೋಡಕ್ಕೆ ದೂರದೂರಿನ ಪ್ರಯಾಣಿಕರ ಓಡಾಟವೂ ಇದೆ. ಇಲ್ಲಿ ಎತ್ತರಿಸಿದ ಕಾರು ಸಾಕಾಗುತ್ತದೆ.

ಜೋಯಿಡಾದ ಸ್ಥಿತಿ ಬೇರೆ. ಹಳೆಯ ಸೂಪಾ ಊರು ಕಾಳಿ ನದಿಯ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ. ಕುಣಬಿ ಮತ್ತು ಗೌಳಿ ಕುಟುಂಬಗಳ ಹಳ್ಳಿ, ದಡ್ಡಿಗಳು ದಟ್ಟ ಕಾಡಿನೊಳಗೆ ಚದುರಿವೆ. ಅಣಶಿ–ದಾಂಡೇಲಿ ಪ್ರದೇಶ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಮಳೆಗಾಲದ ಕೆಸರು, ಘಟ್ಟದ ತಿರುವು, ಬಸ್ಸಿಗಾಗಿ ಉದ್ದನೆಯ ಕಾಯುವಿಕೆ ಇಲ್ಲಿನ ಪ್ರಯಾಣವನ್ನು ನಿರ್ಧರಿಸುತ್ತವೆ. ಇಂಥ ಕಡೆ ಗಾಡಿಯನ್ನು ಅಳೆಯುವುದು ಎಷ್ಟು ಮಂದಿ ಹಿಡಿಯುತ್ತಾರೆ, ಎಷ್ಟು ಚೀಲ ಹೊರುತ್ತದೆ, ಕೆಟ್ಟರೆ ಹತ್ತಿರದ ಗ್ಯಾರೇಜಿನಲ್ಲಿ ರಿಪೇರಿಯಾಗುತ್ತದೆಯೇ ಎಂಬುದರಿಂದ. ಕಂಪನಿ ಯಾವುದೇ ಇರಲಿ, ಇಂಥ ಗಾಡಿಯನ್ನು ಜನ ‘ಜೀಪು’ ಎಂದೇ ಕರೆಯುವುದು ಈ ಅಳತೆಯ ಹಳಮೆಗೆ ಸಾಕ್ಷಿ.

3. ಜೀಪಿನಿಂದ ಬೊಲೆರೊಗೆ

1945ರಲ್ಲಿ ಸ್ಥಾಪನೆಯಾದ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರು ಪಡೆಯಿತು. ಅದು ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವುದರಿಂದ ಆರಂಭಿಸಿ, ಕ್ರಮೇಣ ಇಲ್ಲಿಯೇ ತಯಾರಿಸತೊಡಗಿತು. 1980ರ ದಶಕದಲ್ಲಿ ಪೆಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್ ಸೇರಿಕೊಂಡಿತು. ಡೀಸೆಲ್ ಬಂದದ್ದು ಜೀಪಿನ ಬಾಳಿನಲ್ಲಿ ದೊಡ್ಡ ತಿರುವು: ಸರ್ಕಾರಿ ಅಧಿಕಾರಿಯ ಗಾಡಿ ಬಾಡಿಗೆಗೂ ಗಿಟ್ಟುವ ಗಾಡಿಯಾಯಿತು. ಕಮಾಂಡರ್, ಮಾರ್ಷಲ್, ಆರ್ಮಡಾಗಳು ಈ ದಾರಿಯ ಮುಂದಿನ ಮೆಟ್ಟಿಲುಗಳು. ಹೆಸರು ಬದಲಾದಂತೆ ಗಾಡಿ ಉದ್ದವಾಯಿತು, ಕ್ಯಾನ್ವಾಸ್ ಹೊದಿಕೆಯ ಜಾಗಕ್ಕೆ ಗಟ್ಟಿ ಮಾಡು ಬಂತು.

2000ದಲ್ಲಿ ಬಂದ ಬೊಲೆರೊ, ಆರ್ಮಡಾ ಗ್ರ್ಯಾಂಡ್‌ನ ನೆಲಗಟ್ಟಿನ ಮೇಲೆ ಎದ್ದದ್ದು. ಏಣಿಯಾಕಾರದ ಚಾಸಿ, ಹಿಂದೆ ಲೀಫ್ ಸ್ಪ್ರಿಂಗ್, ಪೆಜೊ ಡೀಸೆಲ್ ಎಂಜಿನ್, ಹಿಂಬದಿಯಲ್ಲಿ ಎದುರುಬದುರಾಗಿ ಕೂರುವ ಆಸನಗಳು. ಈ ಎದುರುಬದುರು ಆಸನ ಜೀಪಿನಿಂದ ಬಂದ ಬಳುವಳಿ. ಮಡಚಿಟ್ಟರೆ ಅಲ್ಲಿ ಚೀಲಗಳಿಗೆ ಜಾಗವಾಗುತ್ತದೆ, ಬಿಡಿಸಿದರೆ ಮಂದಿಗೆ. ಅದೇ ವರ್ಷ ಟೊಯೊಟಾ ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಅನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೂ ಏಣಿ ಚಾಸಿಯೇ ಇತ್ತು. ಆದರೆ ಕ್ವಾಲಿಸ್ ಜಾಗಕ್ಕೆ 2005ರಲ್ಲಿ ಇನ್ನೋವಾ ಬಂದು ಆ ಸಾಲು ಮೇಲಿನ ದರ್ಜೆಗೆ ಏರಿತು. ಬೊಲೆರೊ ತಾನಿದ್ದ ದರ್ಜೆಯಲ್ಲೇ ಉಳಿದು, ಹಲವು ವರ್ಷ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಯುಟಿಲಿಟಿ ವಾಹನವಾಗಿತ್ತು.

4. ತೆರಿಗೆಯ ಗೆರೆ

2006ರ ಬಜೆಟ್ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಸಣ್ಣ ಕಾರೆಂದರೆ ಉದ್ದ 4000 ಮಿಲಿಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. 2013ರ ಬಜೆಟ್ ಇದಕ್ಕೆ ಎದುರು ದಿಕ್ಕಿನಿಂದ ಇನ್ನೊಂದು ಗೆರೆ ಎಳೆಯಿತು: ನಾಲ್ಕು ಮೀಟರ್ ಮೀರಿದ ಉದ್ದ, 1500 ಸಿಸಿ ಮೀರಿದ ಎಂಜಿನ್, 170 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ನೆಲದಂತರ ಇರುವ ಎಸ್‌ಯುವಿಗೆ ಸುಂಕ ಶೇ 27ರಿಂದ 30ಕ್ಕೆ ಏರಿತು.

ಈ ಎರಡು ಗೆರೆಗಳ ನಡುವೆ ಹೊಸ ವರ್ಗ ಬೆಳೆಯಿತು. 2012ರಲ್ಲಿ ಮಹೀಂದ್ರ ತನ್ನ ಝೈಲೊವನ್ನು ಮೊಟಕುಗೊಳಿಸಿ ಕ್ವಾಂಟೊ ಮಾಡಿತು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಮಾರುತಿ ವಿಟಾರಾ ಬ್ರೆಝಾ ಬಂದವು. ಕೊನೆಯ ಎರಡೂ ಕಾರಿನ ನೆಲಗಟ್ಟಿನವು, ಏಣಿ ಚಾಸಿ ಇಲ್ಲದವು. ಬ್ರೆಝಾ ಉದ್ದ 3995 ಮಿಲಿಮೀಟರ್. ಕಾನೂನಿನ ಅಂಚಿಗೆ ಐದೇ ಮಿಲಿಮೀಟರ್ ಬಾಕಿ.

5. ನೂರಹನ್ನೆರಡು ಮಿಲಿಮೀಟರ್

4107 ಮಿಲಿಮೀಟರ್ ಉದ್ದದ, 2523 ಸಿಸಿಯ ಹಳೆಯ ಬೊಲೆರೊ ಈ ಗೆರೆಯ ಹೊರಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಬಂದ ‘ಪವರ್ ಪ್ಲಸ್’ ಅದನ್ನು ಒಳಗೆ ತಂದಿತು. ಉದ್ದ 3995ಕ್ಕೆ ಇಳಿಯಿತು. ಎಂಜಿನ್ 1493 ಸಿಸಿಗೆ ಬಂತು. ಎಂಜಿನ್ ಕಿರಿದಾದರೂ ಶಕ್ತಿ 63 ಪಿಎಸ್‌ನಿಂದ 71ಕ್ಕೆ ಏರಿತು. ಗಮನಿಸಬೇಕಾದದ್ದು ಬದಲಾಗದ ಅಂಕಿಯನ್ನು: ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 2680 ಮಿಲಿಮೀಟರ್‌ನಲ್ಲೇ ಉಳಿಯಿತು. ಕತ್ತರಿ ಬಿದ್ದದ್ದು ಮೂತಿಗೆ ಮತ್ತು ಬಂಪರಿಗೆ. ಕೂರುವ ಜಾಗ, ಎದುರುಬದುರು ಆಸನ, ಚಾಸಿ, ಲೀಫ್ ಸ್ಪ್ರಿಂಗ್ ಯಾವುದಕ್ಕೂ ಕೈ ಹಾಕಲಿಲ್ಲ.

ಜೋಯಿಡಾದ ಅಳತೆಯಿಂದ ನೋಡಿದರೆ ಹಳೆಯ ಬೊಲೆರೊಗೂ ಹೊಸದಕ್ಕೂ ಹೊರುವ ಕೆಲಸದಲ್ಲಿ ವ್ಯತ್ಯಾಸವಿಲ್ಲ. ತೆರಿಗೆಯ ಅಳತೆಯಿಂದ ನೋಡಿದರೆ ಅವು ಎರಡು ಬೇರೆ ಜಾತಿಯ ವಾಹನಗಳು. 2021ರಲ್ಲಿ ಮಹೀಂದ್ರದ ಟಿಯುವಿ 300 ಕೂಡ ‘ಬೊಲೆರೊ ನಿಯೊ’ ಎಂಬ ಹೆಸರು ತೊಟ್ಟಿತು. ಅದರ ಉದ್ದವೂ 3995, ವೀಲ್‌ಬೇಸೂ 2680.

ಬಿಡದಿಯಲ್ಲಿ 2022ರ ಆಗಸ್ಟ್‌ನಿಂದ ತಯಾರಾಗುತ್ತಿರುವ ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಜೊತೆ ಹೋಲಿಸಿದಾಗ ಉದ್ದ ಎಂಬ ಅಳತೆಗೋಲಿನ ಮಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೈರೈಡರ್ ಉದ್ದ 4365 ಮಿಲಿಮೀಟರ್, ಅಂದರೆ ಬೊಲೆರೊಗಿಂತ 370 ಹೆಚ್ಚು. ಆದರೆ ಅದರ ವೀಲ್‌ಬೇಸ್ 2600. ಬೊಲೆರೊದ್ದೇ 80 ಹೆಚ್ಚು. ಉದ್ದದ ಗಾಡಿಯಲ್ಲಿ ಐದು ಆಸನ, ಗಿಡ್ಡ ಗಾಡಿಯಲ್ಲಿ ಏಳು. ಹೈರೈಡರ್‌ನ ಹೈಬ್ರಿಡ್ ಎಂಜಿನ್ ನಗರದ ಸಂಚಾರಕ್ಕೆ ಹೇಳಿ ಮಾಡಿಸಿದ್ದು. ಅದರ ಗುರಿಯೇ ಬೇರೆ.

6. ಚರ್ಚೆ

ಹಾಗೆಂದು ಬೊಲೆರೊವನ್ನು ಕಾಡಿನ ಗಾಡಿ ಎಂದು ಹೊಗಳುವುದು ಸರಿಯಲ್ಲ. ಈಗಿನ ಬೊಲೆರೊದಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ನಾಲ್ಕೂ ಗಾಲಿ ತಿರುಗುವ, ಹಗುರ ಮೈಯ ಗಾಡಿಯೆಂದರೆ 1985ರಲ್ಲಿ ಬಂದ ಮಾರುತಿ ಜಿಪ್ಸಿ. ಅದರ ವಾರಸುದಾರನಾಗಿ 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯದೂ ಏಣಿ ಚಾಸಿ. ಉದ್ದ 3985 ಮಿಲಿಮೀಟರ್, ಬೊಲೆರೊಗಿಂತ ಹತ್ತು ಕಡಿಮೆ. ಆದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ ಆದ್ದರಿಂದ ಸಣ್ಣ ಕಾರಿನ ದರ ಸಿಗಲಿಲ್ಲ. 2017ರ ಜಿಎಸ್‌ಟಿಯಲ್ಲಿ ಸಣ್ಣ ಡೀಸೆಲ್ ಕಾರಿಗೆ ಸೆಸ್ ಸೇರಿ ಶೇ 31 ಬಿದ್ದರೆ, ಜಿಮ್ನಿಗೆ ಬಿದ್ದದ್ದು 45. 2025ರ ಸೆಪ್ಟೆಂಬರ್ 22ರಿಂದ ಈ ದರಗಳು 18 ಮತ್ತು 40 ಆದವು. ಎರಡಕ್ಕೂ ದರ ಇಳಿಯಿತು, ಆದರೆ ನಡುವಿನ ಅಂತರ 14ರಿಂದ 22ಕ್ಕೆ ಹಿಗ್ಗಿತು. ಜೋಯಿಡಾದ ಕೆಸರಿಗೆ ಹೆಚ್ಚು ಒಗ್ಗುವ ಸಣ್ಣ ಗಾಡಿ ದೊಡ್ಡ ಕಾರಿನ ಸಾಲಿನಲ್ಲಿದೆ.

7. ಉಪಸಂಹಾರ

ಬೊಲೆರೊದ ಇತಿಹಾಸದಲ್ಲಿ ಎರಡು ಒತ್ತಡಗಳು ಸ್ಪಷ್ಟವಾಗಿ ಕಾಣುತ್ತವೆ. ಚಾಸಿ, ವೀಲ್‌ಬೇಸ್, ಆಸನಗಳನ್ನು ಬಳಸುವವರ ಅಗತ್ಯ ಕಾಯ್ದುಕೊಂಡಿತು. ಮೂತಿ, ಬಂಪರು, ಎಂಜಿನ್ ಗಾತ್ರವನ್ನು ತೆರಿಗೆ ನಿರ್ಧರಿಸಿತು. ಒಳಗನ್ನು ಉಳಿಸಿಕೊಂಡು ಹೊರಗನ್ನು ಮಾತ್ರ ಬಿಟ್ಟುಕೊಟ್ಟದ್ದರಿಂದಲೇ ಅದು ಕಾಂಪ್ಯಾಕ್ಟ್ ಎಸ್‌ಯುವಿ ಪಟ್ಟಿಗೆ ಸೇರಿಯೂ ಹಳ್ಳಿಯ ಬಾಯಲ್ಲಿ ಜೀಪಾಗಿ ಉಳಿಯಲು ಸಾಧ್ಯವಾಯಿತು. ಮುಂದಿನ ಅಧ್ಯಯನಗಳು ವಾಹನಗಳನ್ನು ವಿಂಗಡಿಸುವಾಗ ಮಾರುಕಟ್ಟೆಯ ಹೆಸರುಗಳನ್ನು ನೆಚ್ಚುವ ಬದಲು, ಅಚ್ಚುಗಳ ನಡುವೆ ಎಷ್ಟು ಜಾಗವಿದೆ, ಎಷ್ಟು ಗಾಲಿ ತಿರುಗುತ್ತವೆ, ಹಿಂದೆ ಯಾರು ಹೇಗೆ ಕೂರುತ್ತಾರೆ ಎಂಬುದರಿಂದ ಆರಂಭಿಸುವುದು ಉಚಿತ.