ಕಫಾಲಾ ಪದ್ಧತಿ

ಕಫಾಲಾ ಎಂಬುದು ಅರಬ್ ಕೊಲ್ಲಿ ದೇಶಗಳಲ್ಲಿ ಪರದೇಶದ ನೌಕರನ ಕೆಲಸದ ಪರವಾನಗಿಯನ್ನೂ ವಾಸದ ವೀಸಾವನ್ನೂ ಒಬ್ಬ ಸ್ಥಳೀಯ ಜಾಮೀನುದಾರನ ಹೆಸರಿಗೆ ಬಿಗಿಯುವ ವ್ಯವಸ್ಥೆ. ಸೌದಿ ಅರೇಬಿಯ, ಕುವೈತ್, ಬಹರೇನ್, ಕತಾರ್, ಓಮನ್, ಯುಎಇ ಈ ಆರೂ ಕಡೆ ಇದು ಬೇರೆ ಬೇರೆ ರೂಪದಲ್ಲಿ ಬೆಳೆಯಿತು. ಲೆಬನಾನ್, ಜೋರ್ಡಾನ್‌ಗಳಲ್ಲೂ ಉಂಟು. ಜಾಮೀನು ನಿಂತವನು ಕಫೀಲ್. ಅರಬ್ಬಿಯಲ್ಲಿ ಕಫಾಲಾ ಎಂಬ ಮಾತಿನ ಮೂಲಾರ್ಥ ಹೊಣೆ ಹೊರುವುದು, ಪೋಷಿಸುವುದು. ತಬ್ಬಲಿ ಮಗುವನ್ನು ಸಾಕುವ ಹೊಣೆಗೂ ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಇದೇ ಹೆಸರಿದೆ. ದುಡಿಯಲು ಬಂದ ಪ್ರಾಯದ ಆಳಿನ ಹೊಣೆಗೂ ಅದೇ ಹೆಸರು ಅಂಟಿಕೊಂಡದ್ದು ಆಮೇಲಿನ ಕಥೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ, ಭಟ್ಕಳದಲ್ಲಿ, ಗಲ್ಫಿಗೆ ಹೋದವರಿರುವ ಮನೆಗಳಲ್ಲಿ ಕಫೀಲ್, ಇಕಾಮ, ರಿಲೀಸ್, ಎಕ್ಸಿಟ್ ಎಂಬ ಮಾತುಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮರುಭೂಮಿಯ ಬುಡಕಟ್ಟುಗಳ ಅತಿಥಿಸತ್ಕಾರದಿಂದ ಈ ಪದ್ಧತಿ ಹುಟ್ಟಿತೆಂದು ಹೇಳುವ ವಾಡಿಕೆಯಿದೆ. ಕೇಳಲು ಚೆನ್ನಾಗಿದೆ, ಆದರೆ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಬಹರೇನಿನ ಸಂಶೋಧಕ ಒಮರ್ ಅಲ್ ಶೆಹಾಬಿ ಇದರ ಬೇರನ್ನು ಅಲ್ಲಿನ 1920ರ ದಶಕದ ಬ್ರಿಟಿಷ್ ಆಡಳಿತದಲ್ಲಿ ಗುರುತಿಸಿದ್ದಾರೆ. ಆಗ ಕೊಲ್ಲಿಯ ಮುಖ್ಯ ಕಸುಬು ಮುತ್ತು ತೆಗೆಯುವುದು. ದೋಣಿಯ ಯಜಮಾನ ನಾಖುದ. ಅರಬ್ಬಿ ಸಮುದ್ರದ ಎರಡೂ ದಡದ ಹಾಯಿಗಾರರಿಗೆ ಪರಿಚಿತವಾದ ಮಾತು ಇದು. ಮುಳುಗುಗಾರರು ಅವನಿಂದ ಮುಂಗಡ ಪಡೆದು ಸಾಲದಲ್ಲಿರುತ್ತಿದ್ದರು, ಸಾಲ ತೀರದೆ ಬೇರೆ ದೋಣಿ ಹತ್ತುವಂತಿರಲಿಲ್ಲ. ಪರವೂರಿನಿಂದ ಬಂದವರ ಮೇಲೆ ಕಣ್ಣಿಡಲು ಬ್ರಿಟಿಷರ ಬಳಿ ಸಾಕಷ್ಟು ಪೊಲೀಸರಿರಲಿಲ್ಲ, ಕಚೇರಿಗಳಿರಲಿಲ್ಲ. ಆಳನ್ನು ತಂದ ನಾಖುದನೇ ಅವನಿಗೆ ಹೊಣೆ ಎಂದು ಮಾಡಿಬಿಟ್ಟರೆ ಖರ್ಚಿಲ್ಲದೆ ಕೆಲಸವಾಗುತ್ತಿತ್ತು. ಸರ್ಕಾರ ತಾನು ಕಾಯಬೇಕಾದ ಬಾಗಿಲಿನ ಚಿಲಕವನ್ನು ಖಾಸಗಿಯವನ ಕೈಗೆ ಕೊಟ್ಟದ್ದು ಇಲ್ಲಿಂದ ಶುರು. ಮುಂದಿನ ನೂರು ವರ್ಷಗಳಲ್ಲಿ ಚಿಲಕ ಹಿಡಿದ ಕೈ ಬದಲಾಯಿತು, ಏರ್ಪಾಡು ಬದಲಾಗಲಿಲ್ಲ.

ಜಪಾನಿನ ಕೃಷಿ ಮುತ್ತು ಮತ್ತು ಆರ್ಥಿಕ ಮುಗ್ಗಟ್ಟು ಸೇರಿ 1930ರ ಹೊತ್ತಿಗೆ ಮುತ್ತಿನ ವ್ಯಾಪಾರವನ್ನು ಮಲಗಿಸಿದವು. ಅದರ ಬೆನ್ನಿಗೇ ಬಹರೇನಿನಲ್ಲಿ 1932ರಲ್ಲಿ, ಕುವೈತ್ ಮತ್ತು ಸೌದಿಯಲ್ಲಿ 1938ರಲ್ಲಿ ಎಣ್ಣೆ ಸಿಕ್ಕಿತು. ಕಂಪನಿಗಳಿಗೆ ಗುಮಾಸ್ತರು, ಫಿಟ್ಟರುಗಳು, ಎಲೆಕ್ಟ್ರಿಷಿಯನ್ನರು ಬೇಕಾದರು. ಸ್ಥಳೀಯರು ಸಿಗದಿದ್ದರೆ ಬ್ರಿಟಿಷ್ ಪ್ರಜೆಗಳಿಗೆ ಆದ್ಯತೆ ಎಂಬ ಷರತ್ತು ಎಣ್ಣೆಯ ಒಪ್ಪಂದಗಳ ಸುತ್ತ ಇತ್ತು, ಭಾರತೀಯರು ಆಗ ಬ್ರಿಟಿಷ್ ಪ್ರಜೆಗಳು. 1947ರವರೆಗೆ ಕೊಲ್ಲಿಯ ಬ್ರಿಟಿಷ್ ಅಧಿಕಾರಿಗಳು ಭಾರತ ಸರ್ಕಾರದ ಅಡಿಯಲ್ಲೇ ಇದ್ದರು. ಚಲಾವಣೆಯಲ್ಲಿದ್ದದ್ದೂ ಭಾರತದ ರೂಪಾಯಿ. ಕೊಲ್ಲಿಗೆಂದೇ ಬೇರೆ ಬಣ್ಣದ ನೋಟನ್ನು ರಿಸರ್ವ್ ಬ್ಯಾಂಕ್ 1959ರಲ್ಲಿ ಹೊರತಂದಿತು, 1966ರ ಅಪಮೌಲ್ಯದ ನಂತರ ಆಗಲೂ ಅದನ್ನು ಬಳಸುತ್ತಿದ್ದ ನಾಡುಗಳೂ ಕೈಬಿಟ್ಟವು. ಅಂದಿನ ಭರ್ತಿಯ ಊರು ಮುಂಬಯಿ. ಹೋಟೆಲ್, ಕಚೇರಿ, ಗಿರಣಿ ಕೆಲಸಕ್ಕೆಂದು ಮೊದಲೇ ಮುಂಬಯಿ ಸೇರಿದ್ದ ನಮ್ಮ ಕರಾವಳಿಯವರಿಗೆ ಅಲ್ಲಿಂದ ಕೊಲ್ಲಿ ಇನ್ನೊಂದು ಹೆಜ್ಜೆಯಷ್ಟೆ.

ವಸಾಹತು ಕಾಲದ ರೂಢಿ ಕಾನೂನಾದದ್ದು ಎರಡನೆಯ ಮಹಾಯುದ್ಧದ ನಂತರ. ಸೌದಿ ಅರೇಬಿಯ 1952ರಲ್ಲಿ, ಕುವೈತ್ 1959ರಲ್ಲಿ, ಕತಾರ್ 1963ರಲ್ಲಿ, ಹೊಸದಾಗಿ ಹುಟ್ಟಿದ ಯುಎಇ 1973ರಲ್ಲಿ ಪರದೇಶೀಯರ ಪ್ರವೇಶ ಮತ್ತು ವಾಸದ ಕಾಯಿದೆ ತಂದವು. ಅದೇ 1973ರ ಕೊನೆಗೆ ಎಣ್ಣೆಯ ಬೆಲೆ ನಾಲ್ಕು ಪಟ್ಟು ಏರಿತು. ರಸ್ತೆ, ಬಂದರು, ಆಸ್ಪತ್ರೆ ಎಲ್ಲವೂ ಒಟ್ಟಿಗೇ ಬೇಕಾಗಿ ಜನ ಲಕ್ಷಗಟ್ಟಲೆ ಬಂದರು. ಮುಂದೆ ಉದ್ಯಮಿಯಾಗಿ ಹೆಸರಾದ ಕಾಪುವಿನ ಬಿ. ಆರ್. ಶೆಟ್ಟಿ ಅಬುಧಾಬಿಗೆ ಹೋದದ್ದು 1973ರಲ್ಲೇ. ಬರಬರುತ್ತಾ ಯುಎಇ, ಕತಾರ್‌ಗಳಲ್ಲಿ ನಾಡಿನ ಪ್ರಜೆಗಳು ಹತ್ತರಲ್ಲೊಂದು ಪಾಲಿಗೆ ಇಳಿದರು. ಹೊರಗಿನವರು ಬೇಕು, ಆದರೆ ನೆಲೆಯೂರಬಾರದು. ಈ ಇಬ್ಬಗೆಗೆ ಆಳುವವರು ಕಂಡುಕೊಂಡ ಉಪಾಯ ಕಫಾಲಾ. ಇದರಲ್ಲಿ ಪ್ರಜೆಗೂ ಪಾಲಿತ್ತು: ಎಣ್ಣೆಯ ಹಣ ಸರ್ಕಾರದ್ದು, ಜಾಮೀನು ನಿಂತದ್ದಕ್ಕೆ ಸಿಗುವ ಹಣ ಅವನದು.

ಪದ್ಧತಿ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಯುಎಇಯ ಹಳೆಯ ವೀಸಾ ಪುಟವೊಂದನ್ನು ನೋಡಿದರೆ ಸಾಕು. ಪಾಸ್‌ಪೋರ್ಟಿನ ಒಂದು ಇಡೀ ಪುಟಕ್ಕೆ ಅಂಟಿಸಿದ ಚೀಟಿ ಅದು. ಅದರಲ್ಲಿ ಬಂದವನ ಹೆಸರು, ಕೆಳಗೆ ಕಸುಬು, ಅದರ ಕೆಳಗೆ ಪ್ರಾಯೋಜಕನ, ಎಂದರೆ ಕಫೀಲನ, ಹೆಸರು. ಕಸುಬಿನ ಸಾಲು ಸುಮ್ಮನೆ ಬರೆದದ್ದಲ್ಲ. ಕಂಪನಿಗೆ ಬಡಗಿಯ ವೀಸಾ ಮಂಜೂರಾಗಿದ್ದರೆ ಲೆಕ್ಕ ಬರೆಯುವವನೂ ಕಾಗದದ ಮೇಲೆ ಬಡಗಿಯೇ. ಬಹುಕಾಲ, ಬಡಗಿಯಾದವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಕುಟುಂಬದ ವೀಸಾಕ್ಕೆ ಕಸುಬಿನ ಬದಲು ಸಂಬಳವನ್ನೇ ಅಳತೆಯಾಗಿ ಯುಎಇ ಇಟ್ಟುಕೊಂಡದ್ದು 2019ರಲ್ಲಿ. ಕುವೈತಿನಲ್ಲಿ ಕಾಯಿದೆಯ ಕಲಮಿನ ಸಂಖ್ಯೆಯೇ ಜನರ ಜಾತಿಯಂತಾಯಿತು. ಹದಿನೆಂಟು ಎಂದರೆ ಖಾಸಗಿ ಕಂಪನಿಯ ನೌಕರ, ಇಪ್ಪತ್ತು ಎಂದರೆ ಮನೆಗೆಲಸದವ, ಇಪ್ಪತ್ತೆರಡು ಎಂದರೆ ಕುಟುಂಬದ ವೀಸಾ.

ಹೊರಡುವ ಮುನ್ನ ಊರ ಕಡೆಯಲ್ಲೇ ಮೆಡಿಕಲ್. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೂ ಅನ್‌ಫಿಟ್. ಆಮೇಲೆ ವೀಸಾದ ಸ್ಟ್ಯಾಂಪಿಂಗ್. ಇಳಿದ ಮೇಲೆ ಮತ್ತೆ ರಕ್ತಪರೀಕ್ಷೆ, ಬೆರಳಚ್ಚು. ಇಷ್ಟಾದ ಮೇಲೆ ಕೈಗೆ ಬರುವ ವಾಸದ ಚೀಟಿಯೇ ಸೌದಿಯ ಇಕಾಮ. ಇದೆಲ್ಲಕ್ಕೂ ಕಚೇರಿ ಅಲೆಯುವವನು ಕಂಪನಿಯ ಮಂದೂಬ್. ಪಾಸ್‌ಪೋರ್ಟ್ ಅವನ ಕೈಗೆ ಹೋದರೆ ಮರಳಿ ಬಾರದಿರುವುದೇ ಹೆಚ್ಚು. ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳಬಾರದೆಂದು ಕಾನೂನು ಹೇಳಿದರೂ ಅದು ಬೀರುವಿನಲ್ಲೇ ಉಳಿಯುತ್ತಿತ್ತು. ಬೇರೆ ಕೆಲಸಕ್ಕೆ ಹೋಗಲು ಕಫೀಲನ ನಿರಾಕ್ಷೇಪಣಾ ಪತ್ರ, ಎಂದರೆ ಎನ್‌ಒಸಿ ಬೇಕಿತ್ತು, ಇದಕ್ಕೆ ಗಲ್ಫಿನವರ ಮಾತು ರಿಲೀಸ್. ಸೌದಿ, ಕತಾರ್‌ಗಳಲ್ಲಿ ಊರಿಗೆ ಹೊರಡಲೂ ಅವನ ಒಪ್ಪಿಗೆ, ಎಂದರೆ ಎಕ್ಸಿಟ್ ಪರ್ಮಿಟ್, ಬೇಕಿತ್ತು. ಕೆಲಸ ಬಿಟ್ಟು ಹೋದರೆ, ಆಳು ಓಡಿಹೋದನೆಂದು ಕಫೀಲ್ ದೂರು ಬರೆಸುತ್ತಿದ್ದ. ಸೌದಿಯಲ್ಲಿ ಅದಕ್ಕೆ ಹುರೂಬ್ ಎಂದು ಹೆಸರು. ಆ ಗಳಿಗೆಯಿಂದ ಇಕಾಮ ಕೆಲಸಕ್ಕೆ ಬಾರದ ಚೀಟಿ, ಆಳು ಅಪರಾಧಿ. ಸಂಬಳ ಕೇಳಿದವನ ಮೇಲೆಯೇ ಇಂಥ ದೂರು ಬಿದ್ದ ಪ್ರಸಂಗಗಳು ಬೇಕಾದಷ್ಟಿವೆ. ಸತ್ತವನೂ ಇದರಿಂದ ಪಾರಲ್ಲ. ವೀಸಾ, ಪಾಸ್‌ಪೋರ್ಟ್‌ಗಳನ್ನು ರದ್ದುಮಾಡಿಸಿದ ಮೇಲೆಯೇ ಶವ ವಿಮಾನ ಹತ್ತುತ್ತದೆ.

ಬಿಗಿ ಹೆಚ್ಚಿದಲ್ಲಿ ಕಳ್ಳದಾರಿಯೂ ಹುಟ್ಟುತ್ತದೆ. ಅದರ ಹೆಸರು ಫ್ರೀ ವೀಸಾ, ಉತ್ತರ ಭಾರತದವರ ಬಾಯಲ್ಲಿ ಆಜಾದ್ ವೀಸಾ. ಹೆಸರಿನಲ್ಲಿ ಮಾತ್ರ ಫ್ರೀ. ಕೆಲಸವೇ ಇಲ್ಲದ ಅಂಗಡಿಯ ಹೆಸರಿನಲ್ಲಿ ಕಫೀಲ್ ವೀಸಾ ತೆಗೆಸುತ್ತಾನೆ, ದಲ್ಲಾಳಿ ಮಾರುತ್ತಾನೆ, ಕೊಂಡವನು ಹೊರಗೆ ಎಲ್ಲೋ ದುಡಿದು ನವೀಕರಣದ ಹೊತ್ತಿಗೆ ಕಫೀಲನಿಗೆ ಕಪ್ಪ ಒಪ್ಪಿಸುತ್ತಾನೆ. ಎಲ್ಲ ದೇಶದಲ್ಲೂ ಇದು ಕಾನೂನುಬಾಹಿರ, ಸಿಕ್ಕಿಬಿದ್ದಾಗ ಗಡೀಪಾರಾಗುವವನು ಮಾತ್ರ ಸಾಮಾನ್ಯವಾಗಿ ಕೊಂಡವನೇ. ಕಾಗದ ಕಳೆದುಕೊಂಡು ಬದುಕುವವನಿಗೆ ಗಲ್ಫಿನ ಭಾರತೀಯರು ಖಲ್ಲಿವಲ್ಲಿ ಎನ್ನುತ್ತಾರೆ. ಅರಬ್ಬಿಯಲ್ಲಿ ಅದರ ಅರ್ಥ ಹೋಗಲಿ ಬಿಡು ಎಂದು. ಇಂಥವರನ್ನು ದಂಡವಿಲ್ಲದೆ ಊರಿಗೆ ಕಳಿಸಲು ಯುಎಇ 1996ರಿಂದ ಮತ್ತೆ ಮತ್ತೆ ಕ್ಷಮಾದಾನದ ಅವಧಿ ಘೋಷಿಸುತ್ತ ಬಂದಿದೆ. 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗಿನದು ಈಚಿನವುಗಳಲ್ಲೊಂದು. ಬೆನ್ಯಾಮಿನ್ ಅವರ ಮಲಯಾಳ ಕಾದಂಬರಿ ಆಡುಜೀವಿತಂ (2008) ಸೌದಿಯ ಮರಳುಗಾಡಿನಲ್ಲಿ ಸಿಕ್ಕಿಹಾಕಿಕೊಂಡ ಕೂಲಿಯೊಬ್ಬನ ಕಥೆ. ವಿಮಾನ ನಿಲ್ದಾಣದಲ್ಲಿ ತಪ್ಪು ಮನುಷ್ಯನನ್ನು ಕಫೀಲನೆಂದು ನಂಬಿ ಹಿಂದೆ ಹೋಗುವುದರಿಂದಲೇ ಅವನ ಪಾಡು ಶುರುವಾಗುತ್ತದೆ.

ಭಾರತದ ಕಡೆಯ ಬಾಗಿಲಿಗೂ ಚರಿತ್ರೆಯಿದೆ. 1922ರ ವಲಸೆ ಕಾಯಿದೆಯ ಜಾಗಕ್ಕೆ 1983ರಲ್ಲಿ ಹೊಸದು ಬಂತು. ಹೆಚ್ಚು ಓದದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕೆಂಬ ಇಸಿಆರ್ ಮುದ್ರೆ ಬಿದ್ದು, ಅವರು ಕೊಲ್ಲಿಗೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕಾಯಿತು. ಹತ್ತನೆಯ ತರಗತಿ ಪಾಸಾದವರಿಗೆ ಈಗ ಆ ತೊಡಕಿಲ್ಲ. ಶಾಲೆಗಳು ಬೇಗ ಬಂದ ಕರಾವಳಿಗೆ ಇದು ಅನುಕೂಲವಾಯಿತೆಂದು ಹೇಳಬಹುದು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ನೋಂದಣಿಯಿಲ್ಲದವನ ಲೆಕ್ಕಕ್ಕೆ ಮಿತಿಯೆಂಬುದಿಲ್ಲ.

ಜಾಮೀನಿನ ಮೇಲೆ ನಿಂತ ಬದುಕು ಎಷ್ಟು ಸಡಿಲವೆಂದು ತೋರಿದ್ದು 1990ರ ಆಗಸ್ಟ್ 2. ಇರಾಕ್ ಕುವೈತನ್ನು ನುಂಗಿದಾಗ ವೀಸಾ ಕೊಟ್ಟ ಸರ್ಕಾರವೇ ದೇಶ ಬಿಟ್ಟಿತ್ತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಬಸ್ಸುಗಳಲ್ಲಿ ಜೋರ್ಡಾನ್ ಮುಟ್ಟಿ, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬಯಿಗೆ ಬಂದರು.

ಸುಧಾರಣೆಯ ಮಾತನ್ನು ಮೊದಲು ಆಡಿದ್ದು ಬಹರೇನ್. ಕಫಾಲಾ ಹುಟ್ಟಿದ ನಾಡೇ ಅದನ್ನು ಹೂಳಹೊರಟಿತ್ತು. 2006ರಲ್ಲಿ ಕಾರ್ಮಿಕ ಮಾರುಕಟ್ಟೆಯ ಪ್ರಾಧಿಕಾರ ಸ್ಥಾಪಿಸಿ, 2009ರ ಆಗಸ್ಟ್‌ನಿಂದ ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದೆಂದಿತು. ಎರಡೇ ವರ್ಷದಲ್ಲಿ, ಮೊದಲ ವರ್ಷ ಬದಲಿಸುವಂತಿಲ್ಲ ಎಂದು ತಿದ್ದಿತು. ಧಣಿಯೇ ಇಲ್ಲದೆ ದುಡಿಯುವ ಫ್ಲೆಕ್ಸಿ ಪರವಾನಗಿಯನ್ನು 2017ರಲ್ಲಿ ತಂದು 2022ರಲ್ಲಿ ನಿಲ್ಲಿಸಿತು. ಕತಾರ್ ಬದಲಾದದ್ದು ಫುಟ್‌ಬಾಲಿನಿಂದ. 2022ರ ವಿಶ್ವಕಪ್ ಸಿಕ್ಕಿದ ಮೇಲೆ ಜಗತ್ತಿನ ಪತ್ರಿಕೆಗಳು ಅಲ್ಲಿನ ಕೂಲಿಗಳ ಕೋಣೆಗೆ ಇಣುಕಿದವು, 2014ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ದೂರು ದಾಖಲಾಯಿತು. ಬಹುಪಾಲು ನೌಕರರಿಗೆ ಎಕ್ಸಿಟ್ ಪರ್ಮಿಟ್ 2018ರಲ್ಲಿ ರದ್ದಾಯಿತು, ಎನ್‌ಒಸಿ 2020ರಲ್ಲಿ ಹೋಯಿತು, 2021ರ ಮಾರ್ಚಿನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಬಂತು. ಓಮನ್ 2021ರ ಜನವರಿಯಲ್ಲಿ ಎನ್‌ಒಸಿ ಕೈಬಿಟ್ಟಿತು. ಸೌದಿಯೂ 2021ರ ಮಾರ್ಚಿನಲ್ಲೇ ಸಡಿಲಿಸಿತು, ಆದರೆ ಮನೆಗೆಲಸದವರು, ಮನೆಯ ಡ್ರೈವರುಗಳು, ತೋಟದ ಆಳುಗಳನ್ನು ಹೊರಗಿಟ್ಟಿತು. ನಾಲ್ಕು ಗೋಡೆಯೊಳಗೆ ಒಬ್ಬಂಟಿಯಾಗಿ ದುಡಿಯುವವರಿಗೇ ಕಾನೂನು ಹೆಚ್ಚು ಬೇಕಿತ್ತು. ಈ ಸುಧಾರಣೆಗಳನ್ನು ತೂಗುವಾಗ ಮೊದಲು ನೋಡಬೇಕಾದ ಕೊರತೆ ಇದು.

ಯುಎಇ 2019ರಿಂದ ಸಿರಿವಂತರಿಗೂ ಪರಿಣತರಿಗೂ ಪ್ರಾಯೋಜಕನಿಲ್ಲದ ಗೋಲ್ಡನ್ ವೀಸಾ ಕೊಡುತ್ತಿದೆ. 2022ರ ಏಪ್ರಿಲ್‌ನಲ್ಲಿ ಪಾಸ್‌ಪೋರ್ಟಿನ ವೀಸಾ ಚೀಟಿಯನ್ನೇ ನಿಲ್ಲಿಸಿ ಗುರುತಿನ ಕಾರ್ಡೇ ಸಾಕೆಂದಿತು. ಪ್ರಾಯೋಜಕನ ಹೆಸರು ಪುಟದಿಂದ ಹೋಯಿತಾದರೂ ಸಾಮಾನ್ಯ ನೌಕರನ ವಾಸದ ಹಕ್ಕು ಇನ್ನೂ ಅವನ ಕೆಲಸಕ್ಕೇ ಅಂಟಿಕೊಂಡಿದೆ. ಇತ್ತ ನೆರೆಹೊರೆಯವರು ಎಕ್ಸಿಟ್ ಪರ್ಮಿಟ್ ಬಿಡುತ್ತಿರುವಾಗ ಕುವೈತ್ ಹೊಸದಾಗಿ ಹಿಡಿದುಕೊಂಡಿತು: 2025ರ ಜುಲೈ 1ರಿಂದ ಹದಿನೆಂಟನೆಯ ಕಲಮಿನ ನೌಕರರು ದೇಶ ಬಿಟ್ಟು ಹೊರಡುವ ಮುನ್ನ ಧಣಿಯ ಒಪ್ಪಿಗೆಯಿರುವ ಪರವಾನಗಿ ತೋರಿಸಬೇಕು.